ಸುಲ್ಮಾಳ ಹಾಲು

ನನ್ನ ತಾಯಿಯ ರಿಬ್ಬನ್ ಸುಳ್ಳು ಹೇಳುವುದಿಲ್ಲ ಎಂದು ನಮ್ಮ ಊರಿನಲ್ಲಿ ಪಾದ್ರಿಯೂ ನಂಬುತ್ತಾನೆ. ತಿಂದದ್ದು ಹೊಟ್ಟೆಯಲ್ಲೇ ಕೂತು ಕೆಡುವ ಕಾಯಿಲೆಗೆ ನಮ್ಮಲ್ಲಿ ಎಂಪಾಚೊ ಎನ್ನುತ್ತಾರೆ. ಮಗುವಿಗೆ ಅದು ಬಂತೆಂದರೆ ಜನ ಆಸ್ಪತ್ರೆಗಿಂತ ಮೊದಲು ನಮ್ಮ ಜಗಲಿಗೆ ಬರುತ್ತಾರೆ. ಅಮ್ಮ ಕೆಂಪು ರಿಬ್ಬನ್ನಿನ ಒಂದು ತುದಿಯನ್ನು ಮಗುವಿನ ಎದೆಗುಂಡಿಯ ಮೇಲೆ ಹಿಡಿಸಿ, ಇನ್ನೊಂದು ತುದಿಯಿಂದ ಮೊಳ ಹಾಕುತ್ತಾ ಬರುತ್ತಾಳೆ. ಬೆರಳು ಎದೆಗುಂಡಿಗೇ ಬಂದು ಮುಟ್ಟಿದರೆ ಮಗು ಚೆನ್ನಾಗಿದೆ. ಮೇಲೆ ಗಂಟಲ ಕಡೆ ಹೋದರೆ ಎಂಪಾಚೊ. ಆಮೇಲೆ ಬಾಯೊಳಗೇ ಮಂತ್ರ, ಬೆನ್ನಿಗೆ ಬೂದಿ ಸವರಿ ಚರ್ಮ ಹಿಡಿದು ಎಳೆಯುವುದು, ಪೈಕೊ ಸೊಪ್ಪಿನ ಕಷಾಯಕ್ಕೆ ಸಕ್ಕರೆ ಸುಟ್ಟು ಹಾಕಿ ಕುಡಿಸುವುದು. ಆ ಮಂತ್ರವನ್ನು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಮಾತ್ರ ಕಲಿಸಬೇಕು. ನನಗೂ ಕಲಿಸಿದ್ದಾಳೆ. ನಾನು ಒಂದು ಮಗುವಿಗೂ ಹಾಕಿಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಗರ್ವ ನನ್ನಲ್ಲಿಲ್ಲ.

ಅಮ್ಮನ ಹೆಸರು ಕಸಿಲ್ದಾ, ಊರವರು ಗೌರವಕ್ಕೆ ದೋನ್ಯಾ ಎನ್ನುತ್ತಾರೆ. ನಾನು ದೆಲ್ಮಿರಾ, ಮದುವೆಯಾಗದೆ ಉಳಿದ ಮಗಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ನನ್ನ ತಮ್ಮ ಅನ್ಸೆಲ್ಮೊ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಕ್ರೇನ್ ಓಡಿಸುತ್ತಾನೆ. ಕ್ರೇನ್ ಓಡಿಸುವುದೊಂದು ಬಿಟ್ಟರೆ ಉಳಿದದ್ದನ್ನೆಲ್ಲ ಅವನು ಅಮ್ಮನನ್ನು ಕೇಳಿಯೇ ಮಾಡುವುದು.

ಅವನಿಗೆ ಹೆಣ್ಣು ತಂದವಳೂ ಅಮ್ಮನೇ. ಕಾರ್ಖಾನೆಯ ಊರಿನ ಹುಡುಗಿಯರೆಂದರೆ ಅವಳಿಗೆ ಆಗುವುದಿಲ್ಲ. "ಎಲ್ಲಿಂದಲೋ ಬಂದು ಸೇರಿದ ಜನ, ಯಾರ ರಕ್ತವೋ ಏನೋ" ಎನ್ನುತ್ತಿದ್ದಳು. ಒಂದು ದಿನ ಬಸ್ಸು ಹತ್ತಿ ಬೆಟ್ಟದ ಮೇಲಿನ ತನ್ನ ತವರು ಪಿಯೆದ್ರಾ ಪಿಂತಾಕ್ಕೆ ಹೋದಳು. ಅಲ್ಲಿ ಇರುವುದೇ ಬೆರಳೆಣಿಕೆಯ ಮನೆಗಳು, ಎಲ್ಲರೂ ಎಲ್ಲರಿಗೂ ನೆಂಟರು. ತನ್ನ ದೊಡ್ಡಪ್ಪನ ಮಗನ ಮೊಮ್ಮಗಳು ಸುಲ್ಮಾಳನ್ನು ನೋಡಿ, ಒಪ್ಪಿಸಿ, ಒಂದು ಗಂಟು ಬಟ್ಟೆ, ಮೇಕೆ ಹಾಲಿನ ಒಂದು ಗುಂಡು ಚೀಸಿನ ಜೊತೆ ಕರೆದುಕೊಂಡು ಬಂದಳು. ಬಸ್ಸಿಂದ ಇಳಿದವಳೇ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು.

"ನೋಡ್ಕೊಳ್ರೇ, ನಮ್ದೇ ರಕ್ತ! ಅಂಗಡಿ ಸಾಮಾನಲ್ಲ ಇದು, ಮನೇಲಿ ನೇಯ್ದಿದ್ದು!"

ಸುಲ್ಮಾ ಮಾತು ಕಡಿಮೆ, ಆದರೆ ಮಂಕಲ್ಲ. ಕೇಳಬೇಕಾದ್ದನ್ನು ಕೇಳುತ್ತಿದ್ದಳು, ಅದೂ ಒಂದೇ ಸಲ. ನನಗೆ ಅವಳನ್ನು ಕಂಡರೆ ಇಷ್ಟವಾಗುತ್ತಿತ್ತು. ಆ ಮನೆಯಲ್ಲಿ ನನಗೂ ಮಾತಾಡಲು ಒಬ್ಬರು ಬೇಕಿತ್ತು.

ಅವರ ಮಗ ತದೇಯೊ ಹುಟ್ಟಿದಾಗ ತುಂಬಿದ ಮಗುವೇ. ಆದರೆ ಹಾಲು ಕುಡಿದ ಅರ್ಧ ಗಂಟೆಗೆಲ್ಲ ನೀರು ನೀರಾಗಿ ಭೇದಿ. ಮತ್ತೆ ಹಾಲು, ಮತ್ತೆ ಭೇದಿ. ಬಟ್ಟೆ ಒಗೆದು ಒಗೆದು ಸುಲ್ಮಾಳ ಬೆರಳ ಸಂದು ಬಿರಿಯಿತು. ಮಗು ದಿನದಿನಕ್ಕೆ ಒಣಗಿ, ಮುಖದಲ್ಲಿ ಬರೀ ಕಣ್ಣು ಉಳಿಯಿತು. ಅಮ್ಮ ರಿಬ್ಬನ್ ತಂದಳು, ಅಳೆದಳು, ಬೆನ್ನು ಎಳೆದಳು, ಪೈಕೊ ಕುಡಿಸಿದಳು. ಭೇದಿ ಇನ್ನೂ ಜಾಸ್ತಿಯಾಯಿತು. ಊರ ಮಕ್ಕಳನ್ನೆಲ್ಲ ವಾಸಿ ಮಾಡಿದ ಕೈ ಸ್ವಂತ ಮೊಮ್ಮಗನ ಮುಂದೆ ಸೋತಿತು. ಜಗಲಿಯಲ್ಲಿ ಕೂತ ಹೆಂಗಸರು ಅದನ್ನು ನೋಡುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಅಮ್ಮ ರಿಬ್ಬನ್ ಸುತ್ತಿ ಏಪ್ರನ್ನಿನ ಜೇಬಿಗೆ ತುರುಕಿ, ಅವರೆಲ್ಲರ ಎದುರಿಗೇ ತೀರ್ಪು ಕೊಟ್ಟಳು.

"ಮಗೂದು ಏನೂ ಇಲ್ಲ. ಇವಳ ಹಾಲೇ ಕೆಟ್ಟದ್ದು."

"ಅತ್ತೆ, ನನ್ ಹಾಲಿಗೆ ಏನಾಗಿದೆ?" ಎಂದಳು ಸುಲ್ಮಾ.

"ಏನಾಗಿದೆ ಅಂತ ನನ್ನ ಕೇಳ್ತೀಯಾ? ನಿನ್ ಮಗನ ಅಂಡು ನೋಡು, ಅದೇ ಹೇಳುತ್ತೆ. ಹಿಂಡಿ ಚೆಲ್ಲು. ನಾಳೆಯಿಂದ ಅವನಿಗೆ ಮೇಕೆ ಹಾಲು."

ಚೆಲ್ಲುವುದೂ ಬೇಡವಾಯಿತು. ನಮ್ಮ ಹಿತ್ತಲಲ್ಲಿ ತಾಯಿ ಸತ್ತ ನಾಯಿಮರಿಯೊಂದಿತ್ತು. ಅಮ್ಮ ಬಟ್ಟಲಿಗೆ ಹಿಂಡಿಸಿ ಅದಕ್ಕೆ ಹಾಕಿಸಿದಳು. ಸುಲ್ಮಾ ಹಿತ್ತಲ ಮೆಟ್ಟಿಲ ಮೇಲೆ ಕೂತು, ಒಳಗೆ ಮಗು ಚೀರುತ್ತಿರುವಾಗ, ಹೊರಗೆ ನಾಯಿಗೆ ಹಾಲು ಹಿಂಡುತ್ತಿದ್ದಳು. ಮರಿ ಉಂಡೆಯ ಹಾಗಾಯಿತು. ಒಂದು ದಿನ ಅವಳು ಅದನ್ನು ಎತ್ತಿ ಅಮ್ಮನ ಮುಂದೆ ಹಿಡಿದಳು.

"ಇದಕ್ಕೆ ಮಾತ್ರ ಹೇಗೆ ಮೈ ಹತ್ತಿತು ಅತ್ತೆ?"

"ನಾಯಿ ಹೊಟ್ಟೆ ಕಣೇ. ಅದು ಕಲ್ಲು ತಿಂದ್ರೂ ಅರಗಿಸ್ಕೊಳ್ಳುತ್ತೆ. ನಿನ್ ಹಾಲು ನಾಯಿಗೇ ಲಾಯಕ್ಕು."

ಅನ್ಸೆಲ್ಮೊ ಪಕ್ಕದಲ್ಲೇ ಮಾತೆ ಎಂಬ ನಮ್ಮ ಕಹಿ ಎಲೆಚಹಾ ಹೀರುತ್ತಾ ಕೂತಿದ್ದ. ಥರ್ಮಾಸಿನಿಂದ ಬಟ್ಟಲಿಗೆ ಇನ್ನಷ್ಟು ಬಿಸಿನೀರು ಬಗ್ಗಿಸಿಕೊಂಡ.

ಮೇಕೆ ಹಾಲಿಗೂ ಅದೇ ಭೇದಿ. ಅದಕ್ಕೂ ಅಮ್ಮನ ಹತ್ತಿರ ಉತ್ತರವಿತ್ತು: ಹಳೆಯ ಕೆಟ್ಟ ಹಾಲು ಇನ್ನೂ ಒಳಗಿದೆಯಂತೆ. ಮಗು ಅಳುವುದನ್ನೂ ಬಿಟ್ಟ ದಿನ ನಾನು ಶಾಲೆಯ ವ್ಯಾನಿನವನನ್ನು ಗೋಗರೆದು, ತಾಯಿ ಮಗುವನ್ನು ಪಟ್ಟಣದ ಮಕ್ಕಳ ಆಸ್ಪತ್ರೆಗೆ ಸಾಗಿಸಿದೆ. ಅಮ್ಮನೂ ಹತ್ತಿ ಕೂತಳು. ಅವಳನ್ನು ಇಳಿಸುವ ಗಂಡಸು ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ.

ಅಲ್ಲಿ ಮಗುವಿನ ಬಾಯಿಗೆ ಏನೂ ಹಾಕದೆ ರಕ್ತನಾಳಕ್ಕೇ ಡ್ರಿಪ್ ಕೊಟ್ಟರು. ಭೇದಿ ನಿಂತಿತು! ಮಾರನೆಯ ದಿನವೇ ಬಟ್ಟೆ ಒಣಗಿತ್ತು. ಸುಲ್ಮಾ ಆ ಒಣ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ನಿಂತಿದ್ದಳು. ನನಗೆ ಅಷ್ಟು ಸಂತೋಷವಾದ ಇನ್ನೊಂದು ಬೆಳಗು ನೆನಪಿಲ್ಲ. ಅಮ್ಮನಿಗೂ ಸಂತೋಷವೇ, ಆದರೆ ಅವಳ ಸಂತೋಷ ಬೇರೆ ಥರದ್ದು. ಕಾರಿಡಾರಿನಲ್ಲಿ ಕೂತವರಿಗೆಲ್ಲ ಹೋಗಿ ಹೋಗಿ ಹೇಳಿದಳು.

"ನಾನು ಹೇಳಿರ್ಲಿಲ್ವಾ? ಒಳಗಿದ್ದ ಅವಳ ಹಾಲೆಲ್ಲ ತೊಳೆದು ಹೋಯ್ತು ನೋಡಿ, ಭೇದಿ ನಿಂತೇ ಬಿಡ್ತು!"

ಡಾಕ್ಟರ್ ಮಿರ್ತಾ ನಡುವಯಸ್ಸಿನ ಹೆಂಗಸು. ಕಂಕುಳಲ್ಲಿ ಸದಾ ಮಾತೆಯ ಥರ್ಮಾಸು, ಮಾತು ನೇರ. ಮಗುವಿನ ಕರುಳಿನ ಒಂದು ಚೂರು ತೆಗೆದು ಪರೀಕ್ಷಿಸಿದಳು, ತಾಯಿ, ತಂದೆ, ಮಗು ಮೂವರ ರಕ್ತವನ್ನೂ ಬ್ಯೂನಸ್ ಐರಿಸ್‌ಗೆ ಕಳಿಸಿದಳು. ಉತ್ತರ ಬಂದ ದಿನ ನಮ್ಮೆಲ್ಲರನ್ನೂ ತನ್ನ ಕೋಣೆಗೆ ಕರೆದಳು. ಅನ್ಸೆಲ್ಮೊ ಕೂಡ ಪಾಳಿ ಬಿಟ್ಟು ಬಂದಿದ್ದ. ಅಲ್ಲಿ ಮೈಕ್ರೋಸ್ಕೋಪಿನ ಮುಂದೆ ಎರಡು ಗಾಜಿನ ಪಟ್ಟಿಗಳಿದ್ದವು. ಡಾಕ್ಟರ್ ಸುಲ್ಮಾಳನ್ನು ಕೂರಿಸಿದಳು.

"ಇದು ಬೇರೆ ಮಗೂದು, ಆರೋಗ್ಯವಾಗಿರೋದು. ಕಂದು ಚುಕ್ಕೆ ಕಾಣ್ತಿದ್ಯಾ?"

"ಕಾಣ್ತಿದೆ. ಅಲ್ಲೊಂದು ಇಲ್ಲೊಂದು."

"ಈಗ ನಿನ್ ಮಗೂದು ನೋಡು."

ಸುಲ್ಮಾ ತುಂಬ ಹೊತ್ತು ಕಣ್ಣಿಟ್ಟು ನೋಡಿದಳು. "ಒಂದೂ ಇಲ್ಲ" ಎಂದಳು.

"ಒಂದೂ ಇಲ್ಲ. ಕರುಳಿನ ಒಳಗೆ ಸಣ್ಣ ಸಣ್ಣ ಗುಳಿ ಇರ್ತವೆ, ಆಯ್ತಾ? ಗುಳಿಯ ತಳದಲ್ಲಿ ತಾಯಿ ಜೀವಕೋಶಗಳು ಕೂತು ದಿನಾ ಮರಿ ಹಾಕ್ತಾನೇ ಇರ್ತವೆ. ಹುಟ್ಟಿದ ಮರಿಗೆ ತಾನು ಏನಾಗ್ಬೇಕು ಅಂತ ಗೊತ್ತಿರಲ್ಲ. ಹೆಚ್ಚಿನವು ಊಟದ ಸಾರ ಹೀರೋ ಕೆಲಸಕ್ಕೆ ಹೋಗ್ತವೆ. ಎಲ್ಲೋ ಒಂದಕ್ಕೆ ಮಾತ್ರ ಒಳಗಿಂದ ಅಪ್ಪಣೆ ಆಗುತ್ತೆ, ನೀನು ಹಾರ್ಮೋನ್ ಮಾಡು ಅಂತ. ಸ್ವಲ್ಪ ಹೊತ್ತು ಇರೋ ಅಪ್ಪಣೆ ಅದು. ಅದು ಸಿಕ್ಕಿದ್ದು ಪಕ್ಕದ್ದನ್ನ ತಡೆಯುತ್ತೆ, ನಾನಾಗಿದೀನಿ, ನೀನು ಬೇಡ ಅಂತ. ಅದಕ್ಕೇ ಅವು ಚುಕ್ಕೆ ಚುಕ್ಕೆಯಾಗಿ ದೂರ ದೂರ ಇರೋದು. ಊಟ ಬಂತು, ಹೀರ್ಕೋ, ನಿಧಾನಕ್ಕೆ ಸಾಗಿಸು ಅಂತ ಕರುಳಿಗೆ ಹೇಳೋದೇ ಅವು. ತದೇಯೊಗೆ ಆ ಅಪ್ಪಣೆ ಕೊಡೋ ಜೀನೇ ಕೆಟ್ಟಿದೆ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡೋ ಕೋಶಗಳೂ ಇದೇ ಅಪ್ಪಣೆಯಿಂದ ಹುಟ್ಟೋದು. ಅಲ್ಲಿ ಹೇಗೋ ಒಂದಿಷ್ಟು ಹುಟ್ಟಿವೆ, ಮುಂದೆ ಸಕ್ಕರೆ ಕಾಯಿಲೆ ಬಂದ್ರೂ ಬರಬಹುದು. ಕರುಳಲ್ಲಿ ಮಾತ್ರ ಪೂರಾ ಸೊನ್ನೆ."

ಸುಲ್ಮಾ ಕೇಳಬೇಕಾದ್ದನ್ನೇ ಕೇಳಿದಳು. "ಹಾಲಿಂದ ಆಗಿದ್ದಲ್ವಾ ಡಾಕ್ಟ್ರೇ?"

"ಅಲ್ಲ ಮಗಳೇ. ನಿನ್ ಹಾಲು ಕೊಟ್ರೂ ಇದೇ, ಮೇಕೆ ಹಾಲು ಕೊಟ್ರೂ ಇದೇ, ಸಕ್ಕರೆ ನೀರು ಕೊಟ್ರೂ ಇದೇ. ಬರೀ ನೀರೊಂದನ್ನ ತಡ್ಕೊಳ್ತಾನೆ. ಇದು ಅವನು ಹುಟ್ಟೋಕೆ ಮುಂಚೆ, ಹೊಟ್ಟೇಲಿ ಅವನ ಕರುಳು ಬೆಳೆಯೋವಾಗಲೇ ಆಗಿದ್ದು."

"ಕೇಳಿದ್ಯೇನೋ!" ಅಮ್ಮ ಅನ್ಸೆಲ್ಮೊನ ಭುಜ ಹಿಡಿದು ಅಲ್ಲಾಡಿಸಿದಳು. "ಹಾಲಲ್ಲ, ಇವಳ ಹೊಟ್ಟೇನೇ ಕೆಟ್ಟಿದ್ದು!"

ಡಾಕ್ಟರ್ ಮಿರ್ತಾ ಅಮ್ಮನ ಕಡೆ ತಿರುಗಿದಳು. "ದೋನ್ಯಾ, ಕೆಟ್ಟ ಜೀನ್ ಒಂದು ತಾಯಿಯಿಂದ ಬಂದಿದೆ, ಒಂದು ತಂದೆಯಿಂದ. ಎರಡೂ ಸೇರಿದ್ರೇನೇ ಕಾಯಿಲೆ. ಒಂದಿದ್ದವರಿಗೆ ಏನೂ ಆಗಲ್ಲ, ನಿಮ್ ಮಗನ ಹಾಗೆ, ಸೊಸೆಯ ಹಾಗೆ ಗಟ್ಟಿಯಾಗೇ ಇರ್ತಾರೆ. ಇಬ್ಬರದೂ ಅಕ್ಷರಕ್ಕೆ ಅಕ್ಷರ ಒಂದೇ ಥರ ಕೆಟ್ಟಿದೆ. ಇವರಿಬ್ರೂ ನೆಂಟರಾ?"

"ನೆಂಟ್ರೇ ಮತ್ತೆ!" ಎಂದಳು ಅಮ್ಮ ಎದೆಯುಬ್ಬಿಸಿ. "ನಮ್ ತಾತನ ಮರಿಮಗಳ ಮಗಳು. ನಾನೇ ಹೋಗಿ ಆರಿಸಿ ತಂದಿದ್ದು, ಶುದ್ಧ ರಕ್ತ."

ಡಾಕ್ಟರ್ ಇಬ್ಬರ ರಕ್ತದ ವರದಿಗಳನ್ನೂ ಅಮ್ಮನ ಮುಂದೆ ಅಕ್ಕಪಕ್ಕ ಇಟ್ಟಳು. ಅಮ್ಮನಿಗೆ ಅರ್ಥವಾದದ್ದನ್ನು ನಾನು ಅವಳ ಮುಖದಲ್ಲೇ ಕಂಡೆ. ಬಾಯಿ ಒಂದು ಕ್ಷಣ ಸಡಿಲವಾಗಿ ತೆರೆದಿತ್ತು, ಆಮೇಲೆ ಗಟ್ಟಿಯಾಗಿ ಮುಚ್ಚಿತು. ಆ ಕ್ಷಣದಲ್ಲಿ ಅವಳು ಅತ್ತಿದ್ದರೆ ನಾನು ಎಲ್ಲವನ್ನೂ ಕ್ಷಮಿಸುತ್ತಿದ್ದೆ. ಅವಳು ಅಳುವವಳಲ್ಲ.

ಬ್ಯೂನಸ್ ಐರಿಸ್‌ನ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾದ ಕೂಡಲೇ ಮಗುವನ್ನು ಕಳಿಸುತ್ತೇವೆ, ನಾಳದ ಮೂಲಕವೇ ಊಟ ಕೊಟ್ಟು ಬೆಳೆಸಿದ ಇಂಥ ಮಕ್ಕಳಿದ್ದಾರೆ, ಅಲ್ಲಿಯವರೆಗೆ ನೀರು ಬಿಟ್ಟು ಬಾಯಿಗೆ ಏನನ್ನೂ ಹಾಕಬೇಡಿ ಎಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದಳು. ಸುಲ್ಮಾ ದಾರಿಗೆಂದು ಮಗುವಿನ ಬಟ್ಟೆಗಳನ್ನು ಆಗಲೇ ಚೀಲಕ್ಕೆ ತುಂಬಿಟ್ಟಳು. ತದೇಯೊನ ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ನನ್ನ ಬೆರಳನ್ನು ಹಿಡಿದರೆ ಬಿಡುತ್ತಿರಲಿಲ್ಲ.

ಆಮೇಲೆ ಭೇದಿ ಮತ್ತೆ ಶುರುವಾಯಿತು.

"ಯಾರೋ ಏನೋ ತಿನ್ನಿಸ್ತಿದಾರೆ" ಎಂದಳು ಡಾಕ್ಟರ್, ನಮ್ಮನ್ನು ಸಾಲಾಗಿ ನಿಲ್ಲಿಸಿ. ಅಮ್ಮ ಬೆರಳೆತ್ತಿ ಸುಲ್ಮಾಳ ಎದೆ ತೋರಿಸಿದಳು. ರವಿಕೆಯ ಮೇಲೆ ಎರಡು ಒದ್ದೆ ಕಲೆಗಳಿದ್ದವು. ಹಾಲು ಇನ್ನೂ ನಿಂತಿರಲಿಲ್ಲ ಅವಳಿಗೆ.

"ಅದನ್ನೇ ಕೇಳಿ. ಪಾಪ, ಮಗು ಅತ್ರೆ ತಡೆಯಕ್ಕಾಗಲ್ಲ ಇವಳಿಗೆ. ತಾಯಿ ಕರುಳು ನೋಡಿ!"

"ನಾನು ಕೊಟ್ಟಿಲ್ಲ" ಎಂದಳು ಸುಲ್ಮಾ. "ಅನ್ಸೆಲ್ಮೊ, ನೀನಾದ್ರೂ ಹೇಳು, ನಾನು ಕೊಟ್ಟಿಲ್ಲ."

ಅನ್ಸೆಲ್ಮೊ ಟೋಪಿ ತಿರುಗಿಸುತ್ತಾ ನೆಲ ನೋಡಿದ. "ಅಮ್ಮ ಯಾಕೆ ಸುಳ್ಳು ಹೇಳ್ತಾಳೆ?" ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. ನಾನು ಸುಲ್ಮಾಳ ಪರವಾಗಿ ಕೂಗಾಡಿದೆ, ನರ್ಸುಗಳು ನನ್ನನ್ನೂ ಸುಮ್ಮನಿರಿಸಿದರು. ಒದ್ದೆ ರವಿಕೆಗಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ. ತಾಯಿ ವಾರ್ಡಿನೊಳಗೆ ಬರಬಾರದು ಎಂದಾಯಿತು. ಸುಲ್ಮಾ ಆಸ್ಪತ್ರೆಯ ಅಂಗಳದಲ್ಲಿ ನಿಂತು ಕಿಟಕಿಯನ್ನೇ ನೋಡುತ್ತಿದ್ದಳು. ಮಗುವಿನ ಬಳಿ ಅಜ್ಜಿ ಉಳಿದಳು.

ತಾಯಿಯನ್ನು ಹೊರಗಿಟ್ಟರೂ ಭೇದಿ ನಿಲ್ಲಲಿಲ್ಲ. ಅವತ್ತೇ ನನಗೆ ಅನುಮಾನ ಬಂತು. ಮಧ್ಯಾಹ್ನ ಊಟವಾಗಿ ಎಲ್ಲರೂ ತೂಕಡಿಸುವ ಹೊತ್ತಿಗೆ ಶಾಲೆಯಿಂದ ಹೇಳದೆ ಕೇಳದೆ ಬಂದು ವಾರ್ಡಿನ ಬಾಗಿಲಲ್ಲಿ ನಿಂತೆ. ಅಮ್ಮ ತನ್ನ ಮಾತೆಯ ಥರ್ಮಾಸಿನ ಮುಚ್ಚಳಕ್ಕೆ ಏನೋ ಬಗ್ಗಿಸಿ, ಊದಿ ಊದಿ ಆರಿಸಿ, ಚಮಚದಲ್ಲಿ ಮಗುವಿಗೆ ಕುಡಿಸುತ್ತಿದ್ದಳು. ನಮ್ಮಲ್ಲಿ ಥರ್ಮಾಸಿಲ್ಲದೆ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಅದರೊಳಗೆ ಬಿಸಿನೀರಲ್ಲದೆ ಬೇರೆ ಇದ್ದೀತೆಂದು ಯಾರೂ ನೋಡುವುದೂ ಇಲ್ಲ. ಹತ್ತಿರ ಹೋದರೆ ಪೈಕೊ ವಾಸನೆ, ಸುಟ್ಟ ಸಕ್ಕರೆ ವಾಸನೆ. ಮಗು ಹಸಿದು ಹಸಿದು ಚಮಚವನ್ನೇ ಕಚ್ಚುತ್ತಿತ್ತು.

ನಾನು ಥರ್ಮಾಸನ್ನು ಕಿತ್ತುಕೊಂಡೆ.

"ಏನಮ್ಮಾ ಇದು! ಕೊಲ್ತಿದೀಯಲ್ಲಮ್ಮಾ!"

"ಮೆತ್ತಗೆ ಮಾತಾಡೇ. ಪೈಕೊ ಕಣೇ, ವಿಷ ಅಲ್ಲ. ನಿಂಗೂ ಇದೇ ಕುಡಿಸಿದ್ದು ನಾನು. ಅವಳ ಹಾಲು ತಪ್ಪಿದ ಮೇಲೆ ಅವನು ಸರಿಹೋಗಿದ್ದ. ಇನ್ನೇನು, ಒಂಚೂರು ಹೊಟ್ಟೆ ಗಟ್ಟಿಯಾಗಿದ್ರೆ ಮುಗೀತಿತ್ತು."

"ಡಾಕ್ಟರ್ ಹೇಳಿದ್ದು ನಿನ್ ಕಿವಿಗೆ ಬೀಳಲಿಲ್ವಾ?"

"ನನ್ನ ರಕ್ತ ಕೆಟ್ಟಿದೆ ಅಂತ ಹೇಳಿದ್ಳು. ಅದು ಬಿತ್ತು."

ನಾನು ಥರ್ಮಾಸನ್ನು ಡಾಕ್ಟರ್ ಮೇಜಿನ ಮೇಲೆ ಇಟ್ಟೆ. ಅವಳು ಮೂಸಿ ನೋಡಿ ಓಡಿದಳು. ಸುಲ್ಮಾಳನ್ನು ಅಂಗಳದಿಂದ ಕರೆತಂದರು. ಅಷ್ಟು ಹೊತ್ತಿಗೆ ಮಗುವಿನ ಉಸಿರು ಏರಿಳಿಯುತ್ತಿತ್ತು, ಕೈಕಾಲು ತಣ್ಣಗಾಗಿತ್ತು. ಹೊಸ ಡ್ರಿಪ್ ಹಾಕಿದರು, ಸೂಜಿ ಚುಚ್ಚಿದರು, ನಾಳ ಸಿಗಲಿಲ್ಲ. ಬೆಳಗಾಗುವ ಹೊತ್ತಿಗೆ ತದೇಯೊ ತಾಯಿಯ ತೊಡೆಯ ಮೇಲೆ ಹೋದ. ಬ್ಯೂನಸ್ ಐರಿಸ್‌ನಲ್ಲಿ ಹಾಸಿಗೆ ಖಾಲಿಯಾಗಿದೆ ಎಂಬ ಫೋನು ಅದೇ ವಾರ ಬಂತು.

ನನ್ನ ತಾಯಿಯನ್ನು ಅವತ್ತು ನಾನು ದ್ವೇಷಿಸಿದೆ, ಇವತ್ತಿಗೂ ದ್ವೇಷಿಸುತ್ತೇನೆ. ಒಂದೇ ಮನೆಯಲ್ಲಿದ್ದುಕೊಂಡು, ಅವಳ ಬಟ್ಟೆ ಒಗೆದುಕೊಂಡು ದ್ವೇಷಿಸುತ್ತೇನೆ.

ಎಳೆ ಮಗು ಸತ್ತರೆ ನಮ್ಮಲ್ಲಿ ಅದು ಪುಟ್ಟ ದೇವದೂತ. ಬಿಳಿ ಬಟ್ಟೆ ಹಾಕಿ, ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿ, ಮೇಜಿನ ಮೇಲೆ ಹೂವಿನ ನಡುವೆ ಇಡುತ್ತಾರೆ. ತಾಯಿ ಅಳಬಾರದು. ಅತ್ತರೆ ಕಣ್ಣೀರಿಗೆ ರೆಕ್ಕೆ ನೆನೆದು ಮಗು ಹಾರಲಾರದು ಎನ್ನುತ್ತಾರೆ. ಸುಲ್ಮಾ ಗೋಡೆಗೆ ಒರಗಿ ತುಟಿ ಕಚ್ಚಿಕೊಂಡು ಕೂತಿದ್ದಳು. ಒಮ್ಮೆ ಅವಳ ಗಂಟಲಲ್ಲಿ ಸದ್ದು ಬಂತು. ಅಮ್ಮ ತಕ್ಷಣ ಹೋಗಿ ಅವಳ ಗಲ್ಲ ಹಿಡಿದೆತ್ತಿದಳು.

"ಶ್! ಬದುಕಿದ್ದಾಗಂತೂ ಹಾಳು ಮಾಡಿದೆ. ಸತ್ತ ಮೇಲಾದ್ರೂ ಹಾರೋಕೆ ಬಿಡು ಅವನನ್ನ."

ಸುಲ್ಮಾಳ ಕಪ್ಪು ರವಿಕೆ ಎದೆಯ ಹತ್ತಿರ ಮತ್ತೆ ಒದ್ದೆಯಾಗಿತ್ತು. ಬಂದ ಹೆಂಗಸರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. "ನೋಡೇ, ಇನ್ನೂ ಸುರೀತಿದೆ, ಪಾಪಿ ಹಾಲು" ಎಂದಳು ಒಬ್ಬಳು, ನನ್ನ ಕಿವಿಗೇ ಬೀಳುವ ಹಾಗೆ. ನಾನು ಎದ್ದು ನಿಂತು, ಥರ್ಮಾಸು, ಚಮಚ, ಎಲ್ಲವನ್ನೂ ಹೇಳಿದೆ. ಹೆಣದ ಮುಂದೆ ಹೆತ್ತ ತಾಯಿಯನ್ನು ದೂರುವ ಗೊಡ್ಡು ಎಂದು ಹೆಸರಾಯಿತು ನನಗೆ. ಮುಂದಿನ ಭಾನುವಾರ ನಮ್ಮ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಆಸ್ಪತ್ರೆಯವರು ಉಪವಾಸ ಕೆಡವಿ ಕೊಂದ ಮಗುವನ್ನು ದೋನ್ಯಾ ಉಳಿಸಲು ನೋಡಿದಳಂತೆ ಎಂದು ಊರು ಮಾತಾಡುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ. ಸುಲ್ಮಾ ಚೀಲ ಎತ್ತಿಕೊಂಡು ಹೋದಳು. ಅದರಲ್ಲಿ ದಾರಿಗೆಂದು ತುಂಬಿಟ್ಟ ಮಗುವಿನ ಬಟ್ಟೆಗಳು ಹಾಗೇ ಇದ್ದವು.

ತವರಿನಲ್ಲಿ ಅವಳನ್ನು ಹೆಚ್ಚು ದಿನ ಇರಗೊಡಲಿಲ್ಲ. ಪಕ್ಕದ ಪ್ರಾಂತ್ಯದ ಊರೊಂದರಲ್ಲಿ ಹೋಟೆಲಿನ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಹೋಟೆಲಿಗೆ ತರಕಾರಿ ತರುವ ಲಾರಿಯ ರೆಮಿಹಿಯೊ ಎಂಬವನು ಅವಳನ್ನು ಮೆಚ್ಚಿದ. ಎಲ್ಲ ಕತೆಯನ್ನೂ ಕೇಳಿದ ಮೇಲೂ ಮದುವೆಯಾಗುತ್ತೇನೆ ಎಂದನಂತೆ. "ಅಕ್ಕ, ನಗ್ತಿರ್ತಾನೆ ಸುಮ್ ಸುಮ್ನೆ, ಹಲ್ಲು ಒಂದೂ ನೆಟ್ಟಗಿಲ್ಲ" ಎಂದು ಫೋನಿನಲ್ಲಿ ಹೇಳಿ ತಾನೇ ನಕ್ಕಳು. ಅವಳ ನಗೆ ಕೇಳಿ ನನಗೆ ಆ ರಾತ್ರಿ ನಿದ್ದೆ ಬಂತು.

ಇತ್ತ ಅನ್ಸೆಲ್ಮೊ ರೊಸಾರಿಯೊ ಪಟ್ಟಣದ ಕಡೆಯಿಂದ ಬಂದ ವನೀನಾ ಎಂಬವಳನ್ನು ಕಟ್ಟಿಕೊಂಡ. ಕಾರ್ಖಾನೆಯ ಕ್ಯಾಂಟೀನಿನ ಹುಡುಗಿ, ಇಟಲಿಯವರ ಮೊಮ್ಮಗಳು, ನೀಲಿ ಕಣ್ಣು. ಈ ಸಲ ಅಮ್ಮ ರಕ್ತದ ಮಾತೇ ಎತ್ತಲಿಲ್ಲ. ವನೀನಾ ಗಂಡು ಹೆತ್ತಳು. ಮಗು ಎದೆಹಾಲು ಕುಡಿದು ಕುಡಿದು ಕುಂಬಳಕಾಯಿಯಂತಾಯಿತು. ಆಗಲೇಬೇಕಿತ್ತು, ಅನ್ಸೆಲ್ಮೊನ ಒಂದು ಕೆಟ್ಟ ಜೀನಿಗೆ ಜೋಡಿ ಸಿಗಲಿಲ್ಲ, ಅಷ್ಟೇ. ಅಮ್ಮ ಆ ಮಗುವನ್ನು ಜಗಲಿಯಲ್ಲಿ ಬರುವವರಿಗೆಲ್ಲ ಎತ್ತಿ ತೋರಿಸಿದಳು.

"ಅದೇ ಮಗ, ಅದೇ ಮನೆ, ಅದೇ ಅಜ್ಜಿ. ಈಗ ಹೇಳಿ, ಕೆಟ್ಟಿದ್ದು ಯಾವುದು?"

ಅಷ್ಟಕ್ಕೇ ಸುಮ್ಮನಾಗಲಿಲ್ಲ. ವನೀನಾ ಹಾಲೂಡಿಸುವ ಫೋಟೋ ತೆಗೆಸಿ, ಪಿಯೆದ್ರಾ ಪಿಂತಾದ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿಸಿದಳು. ಸುಲ್ಮಾ ಆ ಗುಂಪಿನಲ್ಲಿದ್ದಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸುಲ್ಮಾ ಫೋನು ಎತ್ತುವುದನ್ನು ನಿಲ್ಲಿಸಿದಳು. ನಾನು ರಜೆ ಹಾಕಿ ಬಸ್ಸು ಹಿಡಿದೆ. ಹೋಟೆಲಿನ ಹಿಂದಿನ ಅಂಗಳದಲ್ಲಿ ಬಿಳಿ ಚಾದರಗಳ ನಡುವೆ ಅವಳು ಸಿಕ್ಕಿದಳು. ಕೂರಿಸಿ, ಮಾತೆ ಮಾಡಿ ಕೊಟ್ಟಳು. ರೆಮಿಹಿಯೊ ಹೇಗಿದ್ದಾನೆ ಎಂದೆ. ಬೇಡ ಎಂದು ಕಳಿಸಿಬಿಟ್ಟೆ ಎಂದಳು.

"ಯಾಕೇ?"

"ಮಕ್ಕಳು ಅಂದ್ರೆ ಪ್ರಾಣ ಅವನಿಗೆ. ಅವನ ಮಗೂನೂ ಯಾಕೆ ಕೊಲ್ಲಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಡಾಕ್ಟರ್ ಹೇಳಿದ್ದನ್ನು ಮೊದಲಿಂದ ಹೇಳಿದೆ. ಗುಳಿ, ತಾಯಿಕೋಶ, ಅಪ್ಪಣೆ, ಅನ್ಸೆಲ್ಮೊನಲ್ಲೊಂದು ಕೆಟ್ಟದ್ದು, ನಿನ್ನಲ್ಲೊಂದು ಕೆಟ್ಟದ್ದು, ವನೀನಾಳಲ್ಲಿ ಇಲ್ಲ, ರೆಮಿಹಿಯೊನಲ್ಲೂ ಇರಲಾರದು, ನಿನಗೂ ಗಟ್ಟಿ ಮಗುವೇ ಆಗುತ್ತದೆ. ನೀನೇ ಕಣ್ಣಾರೆ ಮೈಕ್ರೋಸ್ಕೋಪಿನಲ್ಲಿ ನೋಡಿದೆಯಲ್ಲೇ ಎಂದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಆಗ ಅರ್ಥ ಆಗಿತ್ತು ಅಕ್ಕ, ಎಲ್ಲಾ ಅರ್ಥ ಆಗಿತ್ತು" ಎಂದಳು. "ಆದ್ರೆ ಆ ಮಗೂನೂ ಅನ್ಸೆಲ್ಮೊದೇ, ನನ್ ತದೇಯೊನೂ ಅನ್ಸೆಲ್ಮೊದೇ. ಅಜ್ಜಿಯೂ ಅವಳೇ, ಮನೆಯೂ ಅದೇ. ಬೇರೆ ಇದ್ದಿದ್ದು ನಾನೊಬ್ಳೇ ತಾನೇ?"

ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಅವಳು ಎದ್ದು ಹೋಗಿ, ಒಣಗಿದ ಚಾದರಗಳನ್ನು ಹಗ್ಗದಿಂದ ಇಳಿಸಿ ಮಡಿಚತೊಡಗಿದಳು.